ಬೆಂಗಳೂರಿನ ಗುಳಿಗೆ ಕಲಘಟಗಿಗೆ ಯಾಕೆ ಬರಲಿಲ್ಲ?

"ಅಣ್ಣಾ, ಬೆಂಗಳೂರಾಗ ಕ್ಯಾನ್ಸರಿಗೆ ಗುಳಿಗಿ ಕಂಡುಹಿಡದಾರಂತ. ಸಲಾಯಿನ್ ಹಚ್ಚೂದು ಬ್ಯಾಡಂತ, ಬರೇ ನುಂಗೂದಂತ. ನೀ ಪೇಪರಿನ್ಯಾಗ ಬರೀತಿಯಲ್ಲ, ಎಲ್ಲಿ ಸಿಗತೈತಿ ಕೇಳಿ ಹೇಳು."

ಕಲಘಟಗಿಯಿಂದ ಕಾಕಾನ ಮಗ ಫೋನ್ ಮಾಡಿದ್ದ. ಕಾಕಾನಿಗೆ ಬಾಯಿ ಕ್ಯಾನ್ಸರ್. ಮೂವತ್ತು ವರ್ಷ ಎಲಿ-ಅಡಿಕಿ-ತಂಬಾಕು, ಕಡೆಯ ಹತ್ತು ವರ್ಷ ಗುಟ್ಕಾ. ಎರಡು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ಕೆನ್ನೆಯ ಆಪರೇಷನ್ ಆಯಿತು, ಕರೆಂಟ್ ಕೊಟ್ಟರು (ನಮ್ಮ ಕಡೆ ರೇಡಿಯೇಷನ್‌ಗೆ ಹಾಗೇ ಅಂತಾರೆ), ಒಂದೂವರೆ ವರ್ಷ ಚೆನ್ನಾಗಿದ್ದರು. ಈಗ ಮತ್ತೆ ಅದೇ ಜಾಗದಲ್ಲಿ ಗಂಟು. ಡಾಕ್ಟರ್ 'ಇಮ್ಯುನೋಥೆರಪಿ' ಎಂಬ ಶಬ್ದ ಹೇಳಿ, ಅದರ ಹಿಂದೆಯೇ ಒಂದು ಮೊತ್ತವನ್ನೂ ಹೇಳಿದ್ದಾರೆ. ಆ ಮೊತ್ತ ಕೇಳಿದ ಮೇಲೆ ಮನೆಯಲ್ಲಿ ಎಲ್ಲರೂ ವಾಟ್ಸ್ಆ್ಯಪ್‌ನಲ್ಲಿ ಬೇರೆ ದಾರಿ ಹುಡುಕುತ್ತಿದ್ದಾರೆ. ಹಾಗೆ ಹುಡುಕುವಾಗ ಸಿಕ್ಕಿದ್ದು ಈ ಗುಳಿಗೆಯ ಸುದ್ದಿ.

ಫಾರ್ವರ್ಡ್ ಆಗಿ ಬಂದದ್ದನ್ನು ನನಗೂ ಕಳಿಸಿದ. ಸುಳ್ಳು ಸುದ್ದಿ ಇರಬೇಕು ಅಂದುಕೊಂಡು ತೆರೆದೆ. ಸುಳ್ಳಾಗಿರಲಿಲ್ಲ, ಹಳೆಯದಾಗಿತ್ತು. ಬೆಂಗಳೂರಿನ ಆರಿಜೀನ್ ಎಂಬ ಕಂಪನಿ, ಸಿಎ-170 ಎಂಬ ಅಣು, ಪಿಡಿ-ಎಲ್1 ತಡೆಯಲೆಂದು ಜಗತ್ತಿನಲ್ಲೇ ಮೊದಲ ಬಾರಿಗೆ ಮನುಷ್ಯರ ಮೇಲೆ ಪರೀಕ್ಷೆಗೆ ಹೋದ ನುಂಗುವ ಇಮ್ಯುನೋಥೆರಪಿ. ಇದೆಲ್ಲ ನಡೆದದ್ದು ನಿಜ. "ಸಿಗೂದಿಲ್ಲೋ ತಮ್ಮಾ" ಅಂತ ಒಂದು ನಿಮಿಷದಲ್ಲಿ ಹೇಳಿ ಫೋನ್ ಇಟ್ಟೆ. ಆದರೆ ಯಾಕೆ ಸಿಗುವುದಿಲ್ಲ ಎಂಬುದು ನನಗೂ ಗೊತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಹೆಮ್ಮೆಯಿಂದ ಹೊರಟ ಒಂದು ಔಷಧ ಎಲ್ಲಿ ಹೋಯಿತು? ಸತ್ತಿದ್ದರೆ ಯಾರು ಹೇಳಿದರು? ಬದುಕಿದ್ದರೆ ಎಲ್ಲಿದೆ? ನಾನು ಓದಿದ್ದು ಎಂಜಿನಿಯರಿಂಗ್, ಜೀವಶಾಸ್ತ್ರವನ್ನು ಪಿಯುಸಿಗೇ ಬಿಟ್ಟು ಬಂದವನು. ಮೂರು ವಾರ ಓದಬೇಕಾಯಿತು. ಓದಿದ್ದು ಇಲ್ಲಿದೆ.

ಮೊದಲು ಈ ಔಷಧಗಳು ಏನು ಮಾಡುತ್ತವೆ ಅಂತ. ನಮ್ಮ ರಕ್ತದಲ್ಲಿ ಟಿ-ಕೋಶಗಳು ಅಂತ ಇವೆ. ಸೋಂಕು ತಗುಲಿದ ಕೋಶ, ಕೆಟ್ಟ ಕೋಶ ಕಂಡರೆ ಕೊಲ್ಲುವುದು ಇವುಗಳ ಕೆಲಸ. ಕೊಲ್ಲುವವರಿಗೆ ಲಗಾಮು ಬೇಕಲ್ಲ? ಇಲ್ಲದಿದ್ದರೆ ನಮ್ಮದೇ ದೇಹವನ್ನು ತಿಂದುಹಾಕುತ್ತವೆ. ಆ ಲಗಾಮು ಟಿ-ಕೋಶದ ಹೊರಪೊರೆಯ ಮೇಲೆ ಕೂತಿರುವ ಪಿಡಿ-1 ಎಂಬ ಪ್ರೋಟೀನು. ಎದುರಿನ ಕೋಶದ ಪೊರೆಯ ಮೇಲೆ ಪಿಡಿ-ಎಲ್1 ಎಂಬ ಇನ್ನೊಂದು ಪ್ರೋಟೀನು ಇದ್ದು, ಎರಡೂ ಮುಖಕ್ಕೆ ಮುಖ ಕೂಡಿದರೆ ಟಿ-ಕೋಶಕ್ಕೆ 'ಸಾಕು ಬಿಡು, ಇವರು ನಮ್ಮವರು' ಎಂಬ ಸಂದೇಶ ಹೋಗುತ್ತದೆ. ಕ್ಯಾನ್ಸರ್ ಕೋಶ ಇದನ್ನೇ ಕದ್ದು ಕಲಿತಿದೆ. ತನ್ನ ಮೈಮೇಲೆ ಪಿಡಿ-ಎಲ್1 ಹೇರಳವಾಗಿ ಹೊತ್ತುಕೊಂಡು, ಬಂದ ಟಿ-ಕೋಶಕ್ಕೆಲ್ಲ 'ನಾನೂ ನಿಮ್ಮವನೇ' ಎಂದು ಹೇಳಿ ಕಳಿಸುತ್ತದೆ.

ಪಿಡಿ-1 ಅನ್ನು 1992ರಲ್ಲಿ ಜಪಾನಿನ ಕ್ಯೋಟೊದಲ್ಲಿ ತಸುಕು ಹೊಂಜೊ ಅವರ ಪ್ರಯೋಗಾಲಯ ಕಂಡುಹಿಡಿಯಿತು. ಇಂಥ ಲಗಾಮು ಬಿಡಿಸಿದರೆ ಕ್ಯಾನ್ಸರ್‌ಗೆ ಚಿಕಿತ್ಸೆ ಆದೀತು ಎಂಬುದನ್ನು ತೋರಿಸಿದ್ದಕ್ಕೆ ಅವರಿಗೂ ಅಮೆರಿಕದ ಜೇಮ್ಸ್ ಅಲಿಸನ್ ಅವರಿಗೂ 2018ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಔಷಧಗಳು ಮಾರುಕಟ್ಟೆಗೆ ಬಂದಾಗಿತ್ತು. ಪೆಂಬ್ರೊಲಿಝುಮ್ಯಾಬ್, ನಿವೊಲುಮ್ಯಾಬ್ ಎರಡಕ್ಕೂ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲವೂ ಆ್ಯಂಟಿಬಾಡಿಗಳು, ಅಂದರೆ ಜೀವಕೋಶಗಳಲ್ಲಿ ಬೆಳೆಸಿ ತೆಗೆದ ದೊಡ್ಡ ಪ್ರೋಟೀನುಗಳು. ಪಿಡಿ-1 ಮೇಲೋ ಪಿಡಿ-ಎಲ್1 ಮೇಲೋ ಹೋಗಿ ಕೂತು, ಎರಡೂ ಕೂಡದಂತೆ ಮಾಡುತ್ತವೆ.

ನೊಬೆಲ್ ಬಂತು ಅಂದಮಾತ್ರಕ್ಕೆ ಇವು ಸಂಜೀವಿನಿ ಅಲ್ಲ. ತಲೆ-ಕುತ್ತಿಗೆ ಕ್ಯಾನ್ಸರ್ ಮರುಕಳಿಸಿದವರಿಗೆ ನಿವೊಲುಮ್ಯಾಬ್ ಕೊಟ್ಟ ಪ್ರಸಿದ್ಧ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಒಂದು ವರ್ಷ ದಾಟಿ ಬದುಕಿದವರು ಹಳೆಯ ಔಷಧದಲ್ಲಿ ನೂರಕ್ಕೆ ಸುಮಾರು 17, ನಿವೊಲುಮ್ಯಾಬ್‌ನಲ್ಲಿ 36. ಸರಾಸರಿ ಲೆಕ್ಕದಲ್ಲಿ ಐದು ತಿಂಗಳಿದ್ದದ್ದು ಏಳೂವರೆ ಆಯಿತು. ಕಮ್ಮಿ ಅನಿಸಬಹುದು. ಆದರೆ ಅದರಲ್ಲಿ ಕೆಲವರು ವರ್ಷಗಟ್ಟಲೆ ಬದುಕುತ್ತಾರೆ, ಮೊದಲು ಹಾಗೆ ಬದುಕುವವರು ಬಹಳ ವಿರಳ ಇದ್ದರು. ಮನೆಮಂದಿ ಹೊಲ ಮಾರಲು ತಯಾರಾಗುವುದು ಆ ಕೆಲವರಲ್ಲಿ ನಮ್ಮವರೂ ಒಬ್ಬರಾದಾರು ಅಂತ.

ಇಂಥ ಔಷಧ ಗುಳಿಗೆಯಾಗಿ ಬಂದರೆ ಕಲಘಟಗಿಗೆ ಏನು ಲಾಭ? ಆ್ಯಂಟಿಬಾಡಿಯನ್ನು ನುಂಗಿದರೆ ಹೊಟ್ಟೆ ಅದನ್ನು ಬೇಳೆ ಸಾರಿನಂತೆ ಜೀರ್ಣ ಮಾಡಿಬಿಡುತ್ತದೆ. ಹಾಗಾಗಿ ನರಕ್ಕೇ ಹಚ್ಚಬೇಕು. ಎರಡರಿಂದ ಎಂಟು ಡಿಗ್ರಿ ತಂಪಿನಲ್ಲಿ ಇಡಬೇಕು. ಪ್ರತಿ ಎರಡು-ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಬೇಕು. ಮೂವತ್ತು ಕಿಲೋಮೀಟರ್ ಆಸುಪಾಸಿನ ದಾರಿ ನಕ್ಷೆಯಲ್ಲಿ ಏನೂ ಅಲ್ಲ, ಆದರೆ ಬಾಯಿ ತೆರೆಯಲಾಗದೆ, ಮೂಗಿನ ನಳಿಕೆಯಲ್ಲಿ ಗಂಜಿ ಕುಡಿಯುವ ಮನುಷ್ಯನನ್ನು ತಬಕದಹೊನ್ನಳ್ಳಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಕರೆದೊಯ್ದು ಸಂಜೆಗೆ ವಾಪಸ್ ತರುವುದು ಅಂದ್ರೆ ಇಬ್ಬರ ದಿನಗೂಲಿ ಹೋದಂತೆ. ಇನ್ನೊಂದು ವಿಷಯವೂ ಇದೆ. ಆ್ಯಂಟಿಬಾಡಿ ಒಮ್ಮೆ ಒಳಗೆ ಹೋದರೆ ವಾರಗಟ್ಟಲೆ ಉಳಿಯುತ್ತದೆ. ಲಗಾಮು ಬಿಟ್ಟ ಟಿ-ಕೋಶಗಳು ಕರುಳು, ಶ್ವಾಸಕೋಶ, ಥೈರಾಯ್ಡ್ ಮೇಲೆ ಏರಿಹೋದರೆ ಔಷಧವನ್ನು ಹೊರಗೆ ತೆಗೆಯಲು ಆಗದು. ಗುಳಿಗೆಯಾದರೆ ನಿಲ್ಲಿಸಿದ ಮರುದಿನದಿಂದಲೇ ಇಳಿಯಲು ಶುರು. ರಾಸಾಯನಿಕ ಅಣುವನ್ನು ಕಾರ್ಖಾನೆಯಲ್ಲಿ ತಯಾರಿಸುವುದೂ ಅಗ್ಗ. ನಮ್ಮ ದೇಶದ ಔಷಧ ಉದ್ಯಮ ಬದುಕಿರುವುದೇ ಆ ವಿದ್ಯೆಯ ಮೇಲೆ.

ಇಷ್ಟು ಲಾಭ ಇದ್ದರೂ ಯಾಕೆ ಬೇರೆ ಯಾರೂ ಮೊದಲೇ ಮಾಡಲಿಲ್ಲ? ಯಾಕೆಂದರೆ ಪಿಡಿ-ಎಲ್1 ಒಂದು ಹಾಳು ಗುರಿ. ಸಾಮಾನ್ಯವಾಗಿ ಗುಳಿಗೆಯ ಅಣು ಹೋಗಿ ಕೂರಲು ಪ್ರೋಟೀನಿನಲ್ಲಿ ಒಂದು ಕುಳಿ, ಒಂದು ಬಿಲ ಬೇಕು. ಪಿಡಿ-1 ಮತ್ತು ಪಿಡಿ-ಎಲ್1 ಕೂಡುವ ಜಾಗ ಚಪ್ಪಟೆ ಮತ್ತು ಅಗಲ. ಎರಡು ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ ಅಂತ ಇಟ್ಕೊಳ್ಳಿ. ಆ್ಯಂಟಿಬಾಡಿ ಅಂದ್ರೆ ಅವುಗಳ ನಡುವೆ ತೂರಿಸಿದ ಪರಾತ. ಗುಳಿಗೆಯ ಅಣು ಅಂದ್ರೆ ಒಂದು ಸಾಸಿವೆ ಕಾಳು. ಲೆಕ್ಕದಲ್ಲಿ ಹೇಳಬೇಕಾದರೆ ನಿವೊಲುಮ್ಯಾಬ್ ಸುಮಾರು 1,46,000 ಡಾಲ್ಟನ್ ತೂಕದ ಅಣು, ಸಿಎ-170 ಸುಮಾರು 360. ನಾಲ್ಕುನೂರು ಪಟ್ಟು ಅಂತರ. ಸಾಸಿವೆ ಕಾಳಿನಿಂದ ರೊಟ್ಟಿಗಳನ್ನು ಬಿಡಿಸುತ್ತೇವೆ ಅಂತ ಹೊರಟವರ ಧೈರ್ಯವನ್ನು ಮೊದಲು ಮೆಚ್ಚಬೇಕು.

ಡಾ. ರೆಡ್ಡೀಸ್ ಸಮೂಹದ ಭಾಗವಾದ ಆರಿಜೀನ್ ಆ ಹೊತ್ತಿಗೆ ಈ ಕ್ಷೇತ್ರಕ್ಕೆ ಹೊಸಬರಾಗಿರಲಿಲ್ಲ. ಪಿಡಿ-1 ಪ್ರೋಟೀನಿನದೇ ತುಣುಕುಗಳನ್ನು ಜೋಡಿಸಿ ಅವರು ಒಂದು ಪೆಪ್ಟೈಡ್ ಮಾಡಿದ್ದರು, ಅದಕ್ಕಾಗಿ 2014ರಲ್ಲಿ ಫ್ರಾನ್ಸಿನ ಪಿಯರ್ ಫಾಬ್ರೆ ಕಂಪನಿ ಒಪ್ಪಂದ ಮಾಡಿಕೊಂಡಿತ್ತು. ಅದನ್ನೇ ಇನ್ನೂ ಚಿಕ್ಕದು ಮಾಡಿ, ಕೆಲವೇ ಅಮೈನೊ ಆಮ್ಲಗಳ ಗಾತ್ರಕ್ಕೆ ಇಳಿಸಿ, ಹೊಟ್ಟೆಯಲ್ಲಿ ಕರಗದೆ ಉಳಿಯುವಂತೆ ಮಾಡಿದ ಅಣುಗಳ ಸಾಲಿನಿಂದ ಬಂದದ್ದು ಸಿಎ-170. 2015ರ ಜನವರಿಯಲ್ಲಿ ಅಮೆರಿಕದ ಕ್ಯೂರಿಸ್ ಎಂಬ ಕಂಪನಿ ಆರಿಜೀನ್ ಜೊತೆ ಕೈಜೋಡಿಸಿತು. ಪ್ರತಿಯಾಗಿ ಕೊಟ್ಟದ್ದು ದುಡ್ಡಲ್ಲ, ತನ್ನದೇ 1.71 ಕೋಟಿ ಷೇರು, ಕಂಪನಿಯ ಹೆಚ್ಚುಕಮ್ಮಿ ಐದನೇ ಒಂದು ಭಾಗ. 2016ರಲ್ಲಿ ಮೊದಲ ರೋಗಿ ಗುಳಿಗೆ ನುಂಗಿದ. ಪಿಡಿ-ಎಲ್1 ಮಾತ್ರವಲ್ಲ, ವಿಸ್ಟಾ ಎಂಬ ಇನ್ನೊಂದು ಲಗಾಮನ್ನೂ ಇದು ತಡೆಯುತ್ತದೆ ಎಂದು ಕಂಪನಿಗಳು ಹೇಳಿದವು. ಭಾರತದಲ್ಲಿ ಆರಿಜೀನ್ ತಾನೇ ಎರಡನೇ ಹಂತದ ಪರೀಕ್ಷೆ ನಡೆಸಿತು. ಬಾಯಿ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್, ಹಾಜ್ಕಿನ್ ಲಿಂಫೋಮಾ ಇದ್ದವರು ಅದರಲ್ಲಿದ್ದರು. 2018ರಲ್ಲಿ ಯುರೋಪಿನ ಕ್ಯಾನ್ಸರ್ ತಜ್ಞರ ಸಮ್ಮೇಳನದಲ್ಲಿ ಅದರ ವರದಿ ಮಂಡನೆಯಾಯಿತು.

ನನ್ನ ತಮ್ಮನಿಗೆ ಬಂದ ಫಾರ್ವರ್ಡ್ ಈ ಕಾಲದ್ದು. ಇಲ್ಲಿಯವರೆಗೆ ನಮ್ಮ ಪತ್ರಿಕೆಗಳಲ್ಲೂ ಸುದ್ದಿ ಸಿಗುತ್ತದೆ. ಇದರ ಮುಂದಿನದು ಸಿಗುವುದಿಲ್ಲ.

2019ರ ಬೇಸಿಗೆ ಕಳೆದ ಮೇಲೆ 'ಮಾಲಿಕ್ಯೂಲ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಬರೆದವರು ಪೋಲೆಂಡಿನ ಕ್ರಾಕೋವ್ ನಗರದ ಯಾಗೆಲೋನಿಯನ್ ವಿಶ್ವವಿದ್ಯಾಲಯದ ಗುಂಪಿನವರು. ಸಿಎ-170 ಪ್ರಬಲ ಪಿಡಿ-ಎಲ್1 ತಡೆಯಣು ಹೌದೋ ಅಲ್ಲವೋ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ. ವಿಜ್ಞಾನಿಗಳ ಭಾಷೆಯಲ್ಲಿ ಇದು ಕಾಲರ್ ಹಿಡಿದು ಕೇಳಿದ ಹಾಗೆ.

ಅವರು ಮಾಡಿದ್ದು ಎಂಜಿನಿಯರ್‌ಗೆ ಕೂಡಲೇ ಅರ್ಥವಾಗುವ ಕೆಲಸ. ಎನ್‌ಎಂಆರ್ ಎಂಬ ಯಂತ್ರದಲ್ಲಿ ಪ್ರೋಟೀನನ್ನು ಇಟ್ಟರೆ ಅದರ ಪ್ರತಿ ಭಾಗದಿಂದಲೂ ಒಂದೊಂದು ಸಂಕೇತ ಬರುತ್ತದೆ. ಬೇರೆ ಅಣು ಬಂದು ಅಂಟಿಕೊಂಡರೆ ಅಂಟಿದ ಜಾಗದ ಸಂಕೇತಗಳು ಸ್ಥಾನ ಬದಲಿಸುತ್ತವೆ. ಬ್ರಿಸ್ಟಲ್ ಮೈಯರ್ಸ್ ಸ್ಕ್ವಿಬ್ ಕಂಪನಿಯ ಅಣುಗಳನ್ನು ಹಾಕಿದಾಗ ಹಾಗೇ ಆಯಿತು. ಆ ಅಣುಗಳು ಹೇಗೆ ಕೆಲಸ ಮಾಡುತ್ತವೆಂದು 2016ರಲ್ಲಿ ತೋರಿಸಿದ್ದೂ ಇದೇ ಗುಂಪು. ಅವು ಎರಡು ಪಿಡಿ-ಎಲ್1ಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತವೆ. ರೊಟ್ಟಿಗೆ ಬೆಲ್ಲದ ಪಾಕ ಹಚ್ಚಿ ಅದರ ಮೇಲೆ ಅಂಥದೇ ಇನ್ನೊಂದು ರೊಟ್ಟಿ ಒತ್ತಿದರೆ ಆ ಮುಖ ಮುಚ್ಚಿಹೋಗುತ್ತದಲ್ಲ, ಹಾಗೆ. ಸಿಎ-170 ಹಾಕಿದಾಗ ಒಂದು ಸಂಕೇತವೂ ಅಲುಗಲಿಲ್ಲ. ಪಿಡಿ-1 ಮತ್ತು ಪಿಡಿ-ಎಲ್1 ಬೇರೆಯಾದವೋ ಇಲ್ಲವೋ ಎಂದು ಅಳೆಯುವ ಇನ್ನೊಂದು ಪರೀಕ್ಷೆಯಲ್ಲೂ ಪರಿಣಾಮ ಕಾಣಲಿಲ್ಲ. ಅವರ ತೀರ್ಮಾನ, ಈ ಅಣು ಪಿಡಿ-ಎಲ್1ಗೆ ನೇರವಾಗಿ ಅಂಟುವುದೇ ಇಲ್ಲ.

ಈ ಗುಂಪು ಪೂರ್ತಿ ತಟಸ್ಥ ಅಂತಲೂ ಅಲ್ಲ, ಪಿಡಿ-ಎಲ್1ಗೆ ಅಂಟುವ ತಮ್ಮದೇ ಅಣುಗಳ ಮೇಲೆ ಅವರೂ ಕೆಲಸ ಮಾಡುತ್ತಾರೆ. ಆದರೆ ಪ್ರಯೋಗ ಸರಳ, ಬೇಕಾದವರು ಮಾಡಿ ನೋಡಬಹುದು.

ಆರಿಜೀನ್ ಉತ್ತರ ಕೊಟ್ಟಿತು. 2021ರಲ್ಲಿ 'ಕಮ್ಯೂನಿಕೇಷನ್ಸ್ ಬಯಾಲಜಿ' ಪತ್ರಿಕೆಯಲ್ಲಿ ಅವರ ವಿವರವಾದ ಲೇಖನ ಬಂತು. ಅದರ ಸಾರ ಇಷ್ಟು. ಸಿಎ-170 ಆ ಎರಡನ್ನು ಬೇರ್ಪಡಿಸುವುದಿಲ್ಲ ಎಂಬುದು ಸರಿ, ಆದರೆ ಅವೆರಡರ ಜೊತೆ ಮೂರನೆಯದಾಗಿ ಸೇರಿಕೊಂಡು, ಕೂಡಿಕೆಯನ್ನೇ ಕೆಡಿಸುತ್ತದೆ. ಮೂವರೂ ಕೂಡಿ ಕೂತಿದ್ದಾರೆ, ಆದರೆ ಸಂದೇಶ ಒಳಗೆ ಹೋಗುವುದಿಲ್ಲ. ಹಾಗಾಗಿ ಬೇರ್ಪಡಿಕೆಯನ್ನು ಅಳೆಯುವ ಪರೀಕ್ಷೆಯಲ್ಲಿ ಇದು ಸಿಗದು. ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿದ್ದನ್ನೂ ತೋರಿಸಿದ್ದಾರೆ.

ಇದು ಸಾಧ್ಯವಿಲ್ಲದ ಮಾತಲ್ಲ. ಜೀವಶಾಸ್ತ್ರದಲ್ಲಿ ಇಂಥ ವಿಚಿತ್ರಗಳು ಇವೆ. ಆದರೂ ನನಗೆ ಒಂದು ಮುಳ್ಳು ಉಳಿದಿದೆ. ಒಂದು ಯಂತ್ರ ಹೇಗೆ ಓಡುತ್ತದೆ ಎಂಬ ವಿವರಣೆ, ಅದು ಓಡುವುದಿಲ್ಲ ಅಂತ ಇನ್ನೊಬ್ಬರು ತೋರಿಸಿದ ಎರಡು ವರ್ಷದ ಮೇಲೆ ಬಂದರೆ, ಅನುಮಾನದ ಲಾಭ ಯಂತ್ರಕ್ಕೆ ಕೊಡಬೇಕೋ ನೋಡುಗನಿಗೋ? ಅದೂ ಔಷಧ ಆಗಲೇ ರೋಗಿಗಳ ಹೊಟ್ಟೆಗೆ ಹೋಗಿದ್ದಾಗ. ಮೋಸ ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಕೋಶಗಳ ಮೇಲೆ, ಇಲಿಗಳ ಮೇಲೆ ಪರಿಣಾಮ ಕಂಡು, ಅದು ಯಾಕೆ ಬಂತೆಂಬ ಕಾರಣದಲ್ಲಿ ಜಗಳ ಇರುವ ಔಷಧಗಳು ಬೇಕಾದಷ್ಟಿವೆ. ಅಂಥ ಜಗಳವನ್ನು ಕೊನೆಗೆ ಬಗೆಹರಿಸುವುದು ರೋಗಿಗಳ ಮೇಲಿನ ಫಲಿತಾಂಶ.

ಆ ಫಲಿತಾಂಶ ಏನಾಯಿತು? ಕ್ಯೂರಿಸ್ ಕಂಪನಿ ಮೆಸೊಥೆಲಿಯೋಮಾ ಎಂಬ ಎದೆಪೊರೆಯ ಕ್ಯಾನ್ಸರ್‌ನಲ್ಲಿ ಸಿಎ-170 ಪ್ರಯತ್ನಿಸಿ, ಬಂದ ಮಾಹಿತಿ ನೋಡಿ, ಹೊಸ ರೋಗಿಗಳನ್ನು ಸೇರಿಸುವುದನ್ನು ನಿಲ್ಲಿಸಿತು. 2020ರ ಫೆಬ್ರುವರಿಯಲ್ಲಿ ಒಪ್ಪಂದ ತಿದ್ದುಪಡಿಯಾಯಿತು. ಆರಿಜೀನ್ ತನ್ನ ಖರ್ಚಿನಲ್ಲಿ ಸುಮಾರು 240 ಶ್ವಾಸಕೋಶ ಕ್ಯಾನ್ಸರ್ ರೋಗಿಗಳಲ್ಲಿ, ಕೀಮೋ ಮತ್ತು ರೇಡಿಯೇಷನ್ ಜೊತೆಗೆ, ದೊಡ್ಡ ಪರೀಕ್ಷೆ ನಡೆಸುವುದು, ಬದಲಿಗೆ ಭಾರತ, ರಷ್ಯಾ ಜೊತೆ ಇಡೀ ಏಷ್ಯಾದ ಹಕ್ಕು ಪಡೆಯುವುದು. ಅಮೆರಿಕದ ಪಾಲುದಾರ ತನ್ನ ಗಮನವನ್ನು ಬೇರೆ ಅಣುವಿನ ಕಡೆ ತಿರುಗಿಸಿತು. ಆ ಬೇರೆ ಅಣುವೂ (ರಕ್ತದ ಕ್ಯಾನ್ಸರ್‌ಗಾಗಿ ಪರೀಕ್ಷೆಯಲ್ಲಿರುವ ಎಮಾವುಸರ್ಟಿಬ್) ಆರಿಜೀನ್‌ನಿಂದಲೇ ಬಂದದ್ದು. ಬೆಂಗಳೂರಿನ ಆ ಪ್ರಯೋಗಾಲಯಕ್ಕೆ ಕೆಲಸ ಬರುವುದಿಲ್ಲ ಅಂತ ಯಾರೂ ತಿಳಿಯಬಾರದು ಅಂತ ಇದನ್ನು ಹೇಳಿದೆ. ಸಿಎ-170 ಮಾತ್ರ ಈವರೆಗೆ ಯಾವ ಔಷಧಿ ಅಂಗಡಿಗೂ ಬಂದಿಲ್ಲ.

ಬೇರೆಯವರ ಗುಳಿಗೆಗಳೂ ಬಂದಿಲ್ಲ. ಅಮೆರಿಕದ ಇನ್ಸೈಟ್ ಕಂಪನಿಯ ಒಂದು ಅಣು ಪಿಡಿ-ಎಲ್1ಗೆ ನಿಸ್ಸಂದೇಹವಾಗಿ ಅಂಟುತ್ತಿತ್ತು, ಕೆಲವು ರೋಗಿಗಳ ಗಡ್ಡೆಯನ್ನೂ ಕುಗ್ಗಿಸಿತು. ಆದರೆ ಕೈಕಾಲುಗಳ ನರಗಳಿಗೆ ಪೆಟ್ಟಾಗುವುದು ಆ್ಯಂಟಿಬಾಡಿಗಳಿಗಿಂತ ಹೆಚ್ಚಾಗಿ ಕಂಡಿತು, ಅದನ್ನು ಕೈಬಿಟ್ಟರು. ಪಿಡಿ-ಎಲ್1 ತಡೆಯುವ ನುಂಗುವ ಗುಳಿಗೆ ಇವತ್ತಿಗೂ ಜಗತ್ತಿನಲ್ಲಿ ಎಲ್ಲೂ ಮಾರಾಟಕ್ಕಿಲ್ಲ.

ಇಷ್ಟನ್ನು ಒಬ್ಬ ರೋಗಿಯ ಮಗ ತಿಳಿದುಕೊಳ್ಳುವುದು ಹೇಗೆ? ನನಗೆ ಸಿಟ್ಟು ಬರುವುದು ಇಲ್ಲಿ. ನಮ್ಮ ದೇಶದಲ್ಲಿ ಔಷಧ ಪರೀಕ್ಷೆ ಶುರು ಮಾಡುವ ಮೊದಲು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಾಯಿಸುವುದು 2009ರ ಜೂನ್ 15ರಿಂದ ಕಡ್ಡಾಯ. ಒಳ್ಳೆಯ ನಿಯಮ. ಆದರೆ ಪರೀಕ್ಷೆ ಮುಗಿದ ಮೇಲೆ ಏನಾಯಿತು ಅಂತ ಜನರಿಗೆ ಹೇಳುವ ವಿಷಯದಲ್ಲಿ ಅದೇ ಬಿಗಿ ಇಲ್ಲ. ಷೇರು ಮಾರುಕಟ್ಟೆಗೆ ಹೇಳಲೇಬೇಕು, ಹಾಗಾಗಿ ಅಮೆರಿಕದ ಪಾಲುದಾರ ನಿಲ್ಲಿಸಿದ್ದು ಅದರ ಹೂಡಿಕೆದಾರರಿಗೆ ತಿಳಿಯಿತು. ಗುಳಿಗೆ ನುಂಗಿದ ಭಾರತದ ರೋಗಿಯ ಮನೆಯವರಿಗೆ ಹೂಡಿಕೆದಾರನಷ್ಟು ಹಕ್ಕೂ ಇಲ್ಲ. ಪತ್ರಿಕೆಗಳ ಪಾಲೂ ಇದರಲ್ಲಿದೆ. 'ಬೆಂಗಳೂರಿನ ಸಾಧನೆ' ಅಂತ ಬರೆಯುವಾಗ ಇದ್ದ ಉತ್ಸಾಹ, ಕ್ರಾಕೋವ್‌ನಿಂದ ಪ್ರಶ್ನೆ ಬಂದಾಗ ಇರಲಿಲ್ಲ. ಅರ್ಧ ಸುದ್ದಿ ಬರೆದು ಬಿಟ್ಟರೆ, ಉಳಿದ ಅರ್ಧ ವಾಟ್ಸ್ಆ್ಯಪ್‌ನಲ್ಲಿ ಆಸೆಯಾಗಿ ತಿರುಗುತ್ತಿರುತ್ತದೆ. ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ಈಗ ಈ ಕತೆಯ ಇನ್ನೊಂದು ಬದಿ. ಹೊಸ ಅಣು ಹುಡುಕುವ ಆಟದಲ್ಲಿ ಎಲ್ಲರೂ ಇದ್ದಾಗ, ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ಬೇರೆಯೇ ಪ್ರಶ್ನೆ ಕೇಳಿದರು. ಇರುವ ಔಷಧವನ್ನೇ ಇಷ್ಟೊಂದು ಕೊಡಬೇಕಾ? ಪ್ರಶ್ನೆಗೆ ಕಾರಣ ಇತ್ತು. ಅವರದೇ ಆಸ್ಪತ್ರೆಯ ಲೆಕ್ಕದಲ್ಲಿ ಇಮ್ಯುನೋಥೆರಪಿ ಬೇಕಾದವರಲ್ಲಿ ಅದನ್ನು ಪಡೆದವರು ನೂರಕ್ಕೆ ಮೂವರಿಗಿಂತ ಕಮ್ಮಿ. ಇನ್ನೊಂದು ಕಡೆ, ನಿವೊಲುಮ್ಯಾಬ್‌ನ ಆರಂಭದ ಪರೀಕ್ಷೆಗಳಲ್ಲೇ ಒಂದು ಸುಳಿವು ಇತ್ತು. ಟಿ-ಕೋಶಗಳ ಮೇಲಿನ ಪಿಡಿ-1 ತುಂಬಿಕೊಳ್ಳಲು ಸಣ್ಣ ಪ್ರಮಾಣವೇ ಸಾಕು, ಹತ್ತಾರು ಪಟ್ಟು ಹೆಚ್ಚಿಸಿದರೂ ತುಂಬುವುದು ಅಷ್ಟೇ. ತುಂಬಿದ ಕೊಡಕ್ಕೆ ಇನ್ನೂ ನೀರು ಸುರಿದಂತೆ.

ಸಾಮಾನ್ಯ ಡೋಸ್ 240 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ. ಇವರು ಕೊಟ್ಟದ್ದು 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ. ಜೊತೆಗೆ ಮೂರು ಹಳೆಯ ಗುಳಿಗೆಗಳು: ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ಸೆಲೆಕಾಕ್ಸಿಬ್ ಮತ್ತು ಎರ್ಲೊಟಿನಿಬ್. ಒಟ್ಟು 151 ತಲೆ-ಕುತ್ತಿಗೆ ಕ್ಯಾನ್ಸರ್ ರೋಗಿಗಳು. ಅರ್ಧ ಜನಕ್ಕೆ ಬರೀ ಮೂರು ಗುಳಿಗೆ, ಅರ್ಧ ಜನಕ್ಕೆ ಗುಳಿಗೆ ಮತ್ತು ಈ ಚಿಟಿಕೆ ನಿವೊಲುಮ್ಯಾಬ್. ಒಂದು ವರ್ಷ ದಾಟಿದವರು ಬರೀ ಗುಳಿಗೆಯಲ್ಲಿ ನೂರಕ್ಕೆ 16.3, ಚಿಟಿಕೆ ಸೇರಿದವರಲ್ಲಿ 43.4. ನಡುಮಟ್ಟದ ಬದುಕು 6.7 ತಿಂಗಳಿಂದ 10.1ಕ್ಕೆ ಏರಿತು. ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಸೊಸೈಟಿಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇದರಲ್ಲೂ ಮಿತಿಗಳಿವೆ. ಒಂದೇ ಆಸ್ಪತ್ರೆ, ನೂರೈವತ್ತು ಜನ. ಪೂರ್ಣ ಡೋಸ್ ಜೊತೆ ನೇರ ಹೋಲಿಕೆ ಅಲ್ಲ. 2016ರ ಪರೀಕ್ಷೆಯ 36ರ ಪಕ್ಕ ಈ 43 ಇಟ್ಟು 'ಕಮ್ಮಿ ಡೋಸೇ ಮೇಲು' ಅನ್ನುವುದು ತಪ್ಪು, ರೋಗಿಗಳೂ ಬೇರೆ, ಜೊತೆಗಿನ ಔಷಧಗಳೂ ಬೇರೆ. ಆದರೆ ಸಿಎ-170ಗೆ ಹೋಲಿಸಿ ನೋಡಿ. ಅಲ್ಲಿ ಹೊಸ ಅಣು, ಹಾಳೆತುಂಬ ಒಪ್ಪಂದ, ಕೋಟಿ ಷೇರು, ಕೊನೆಗೆ ಕೈಗೆ ಏನೂ ಇಲ್ಲ. ಇಲ್ಲಿ ಹಳೆಯ ಔಷಧದ ಹನ್ನೆರಡನೇ ಒಂದು ಭಾಗ, ಪ್ರಕಟವಾದ ಅಂಕಿಅಂಶ, ಬದುಕಿದ ತಿಂಗಳುಗಳು. ಇಂಥ ಪರೀಕ್ಷೆಗೆ ಯಾವ ಔಷಧ ಕಂಪನಿಯೂ ದುಡ್ಡು ಹಾಕುವುದಿಲ್ಲ. ಹನ್ನೆರಡನೇ ಒಂದು ಭಾಗ ಮಾರುವುದನ್ನು ಸಾಬೀತು ಮಾಡಿಕೊಂಡು ಅವರಿಗೇನು?

ಬೆಲೆಯೂ ಈಗ ಇಳಿಯುತ್ತಿದೆ. ನಿವೊಲುಮ್ಯಾಬ್ ಪೇಟೆಂಟ್‌ನ ಗಡುವು 2026ರ ಮೇ 2. ಅದಕ್ಕೂ ಮೊದಲೇ, ದೆಹಲಿ ಹೈಕೋರ್ಟಿನಲ್ಲಿ ಕಾದಾಡಿ, ಝೈಡಸ್ ಕಂಪನಿ ಜನವರಿಯಲ್ಲಿ ತನ್ನ ಬಯೋಸಿಮಿಲರ್ ಅನ್ನು ಮಾರುಕಟ್ಟೆಗೆ ತಂದಿತು. ಮೂಲ ಔಷಧದ ಸುಮಾರು ಕಾಲು ಬೆಲೆ: 100 ಮಿಲಿಗ್ರಾಂ ಬಾಟಲಿಗೆ ಸುಮಾರು 29 ಸಾವಿರ ರೂಪಾಯಿ, 40 ಮಿಲಿಗ್ರಾಂಗೆ ಸುಮಾರು 14 ಸಾವಿರ. ಲೆಕ್ಕ ಹಾಕೋಣ. ಪೂರ್ಣ ಡೋಸ್ ವರ್ಷಕ್ಕೆ 26 ಸಲ. ಈ ಅಗ್ಗದ ದರದಲ್ಲೂ ಸಲಕ್ಕೆ 72 ಸಾವಿರ, ವರ್ಷಕ್ಕೆ ಹದಿನೆಂಟೂವರೆ ಲಕ್ಷ ದಾಟುತ್ತದೆ. ಕಮ್ಮಿ ಡೋಸ್ ವರ್ಷಕ್ಕೆ 17 ಸಲ, ಸಲಕ್ಕೆ 40ರ ಬಾಟಲಿಯ ಅರ್ಧ, ಅಂದರೆ 7 ಸಾವಿರ. ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರದ ಹತ್ತಿರ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ಮಿತಿ ಇದೆ. ಹದಿನೆಂಟು ಲಕ್ಷ ಅದರೊಳಗೆ ಎಂದಿಗೂ ಕೂರುವುದಿಲ್ಲ, ಒಂದು ಲಕ್ಷ ಇಪ್ಪತ್ತು ಸಾವಿರ ಆರಾಮಾಗಿ ಕೂರುತ್ತದೆ. ಕೇಂದ್ರ ಸರ್ಕಾರ 2024ರ ಬಜೆಟ್‌ನಲ್ಲಿ ಮೂರು ಕ್ಯಾನ್ಸರ್ ಔಷಧಗಳ ಮೇಲಿನ ಕಸ್ಟಮ್ಸ್ ಸುಂಕ ತೆಗೆದಾಗ ದೊಡ್ಡ ಸುದ್ದಿಯಾಯಿತು. ಅದರಲ್ಲಿ ಒಂದು, ಡುರ್ವಾಲುಮ್ಯಾಬ್, ಪಿಡಿ-ಎಲ್1 ತಡೆಯುವ ಆ್ಯಂಟಿಬಾಡಿಯೇ. ಆದರೆ ಲಕ್ಷಗಟ್ಟಲೆ ಬೆಲೆಯಲ್ಲಿ ನೂರಕ್ಕೆ ಹತ್ತು ಇಳಿದರೆ ಕಲಘಟಗಿಯಲ್ಲಿ ಕೊಳ್ಳುವವರು ಯಾರು? ಇಲ್ಲಿ ಬೇಕಾಗಿರುವುದು ಸುಂಕದ ರಿಯಾಯಿತಿಗಿಂತ, ಕಮ್ಮಿ ಡೋಸಿನ ಈ ಕ್ರಮವನ್ನು ರಾಜ್ಯದ ಯೋಜನೆಯಲ್ಲಿ ಒಂದು ಪ್ಯಾಕೇಜ್ ಆಗಿ ಬರೆದು, ಕಿದ್ವಾಯಿ ಮತ್ತು ಹುಬ್ಬಳ್ಳಿಯಂಥ ಕಡೆ ಅಳವಡಿಸಿ, ಬಂದ ಫಲಿತಾಂಶವನ್ನು ವರ್ಷವರ್ಷ ಪ್ರಕಟಿಸುವುದು. ಟಾಟಾ ಆಸ್ಪತ್ರೆಯ ನೂರೈವತ್ತು ಜನರ ಲೆಕ್ಕ ಸಾವಿರಾರು ಜನರಲ್ಲಿ ನಿಲ್ಲುತ್ತದೋ ಇಲ್ಲವೋ ಅಂತ ಗೊತ್ತಾಗುವುದೂ ಹಾಗೆಯೇ. ದೇಶದಲ್ಲಿ ವರ್ಷಕ್ಕೆ 1.4 ಲಕ್ಷಕ್ಕೂ ಹೆಚ್ಚು ಹೊಸ ಬಾಯಿ ಕ್ಯಾನ್ಸರ್‌ಗಳು ಬರುತ್ತಿವೆ ಎಂಬ ಅಂದಾಜಿದೆ. ರೋಗಿಗಳ ಕೊರತೆಯಂತೂ ನಮಗಿಲ್ಲ.

ಇನ್ನು ಮೂಲ ಕಾರಣ. 2013ರ ಮೇ 31ರಂದು ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಮಸಾಲೆಯ ಪಾಕೀಟು ಒಂದು, ತಂಬಾಕಿನ ಪಾಕೀಟು ಇನ್ನೊಂದು, ಎರಡೂ ಒಂದೇ ದಾರಕ್ಕೆ ನೇತಾಡುತ್ತವೆ. ಕೊಂಡವರು ಬಾಯೊಳಗೆ ಬೆರೆಸುತ್ತಾರೆ. ಇದರ ಬಗ್ಗೆ ಬರೆಯಲು ಇನ್ನೊಂದು ಲೇಖನವೇ ಬೇಕು. ಬಣ್ಣದ ತೊಟ್ಟಿಲಿಗೆ ಹೆಸರಾದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇವತ್ತು ಎಲ್ಲಕ್ಕಿಂತ ಸುಲಭಕ್ಕೆ ಸಿಗುವ ಬಣ್ಣದ ವಸ್ತು ಅದೇ ಪಾಕೀಟು.

ಇದನ್ನೆಲ್ಲ ಓದಿ ಮುಗಿಸಿ ತಮ್ಮನಿಗೆ ಫೋನ್ ಮಾಡಿದೆ. ಸಿಎ-170 ಕತೆ ಹೇಳಲಿಲ್ಲ, ಅವನಿಗೆ ಅದು ಬೇಕಾಗಿಯೂ ಇರಲಿಲ್ಲ. ಮುಂಬೈ ಪರೀಕ್ಷೆಯ ವಿಷಯ ಹೇಳಿ, ಡಾಕ್ಟರ್ ಹತ್ತಿರ ಕೂತು ಕೇಳು, ನಮ್ಮ ಕಾಕಾನಿಗೆ ಹೊಂದುತ್ತದೋ ಇಲ್ಲವೋ ಅವರೇ ಹೇಳಬೇಕು ಅಂದೆ. ನಾಲ್ಕು ದಿನ ಬಿಟ್ಟು ಅವನೇ ಫೋನ್ ಮಾಡಿದ. ಡಾಕ್ಟರಿಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತಂತೆ. ಮೂರು ಗುಳಿಗೆ ಆಗಲೇ ಬರೆದುಕೊಟ್ಟಿದ್ದಾರೆ. ಚಿಟಿಕೆ ಇಂಜೆಕ್ಷನ್ನೂ ಕೊಡಬಹುದು, ಆದರೆ ಬಾಟಲಿ 40 ಮಿಲಿಗ್ರಾಂನದು, ತೆರೆದ ಮೇಲೆ ಬಹಳ ಹೊತ್ತು ಇಡಲು ಬರುವುದಿಲ್ಲ. ಅದೇ ದಿನ ಇನ್ನೊಬ್ಬ ರೋಗಿ ಇದ್ದರೆ ಖರ್ಚು ಅರ್ಧ ಅರ್ಧ.

"ಅಣ್ಣಾ," ಅಂದ, "ಅಪ್ಪಗ ಬರೂ ಮಂಗಳವಾರ ಹಚ್ಚತಾರಂತ. ಆಕಡೆ ಅಳ್ನಾವರ, ಕುಂದಗೋಳ, ಎಲ್ಲಿದ್ದರೂ ಅಡ್ಡಿಯಿಲ್ಲ, ಇಂಥಾದ ಬ್ಯಾನಿ ಇದ್ದವರು ಯಾರರ ಗುರ್ತಿನವರು ಇದ್ರ ಕೇಳು. ಸೋಮವಾರದೊಳಗ ಹೇಳಬೇಕಂತ."